ರಕ್ತ ಕೊಡುವ ಮುನ್ನ ನೀರು, ಕೊಟ್ಟ ಮೇಲೆ ಕಬ್ಬಿಣ

ಈ ಸಲ ಬಂದ ಪ್ರಶ್ನೆಗಳಲ್ಲಿ ರಕ್ತದಾನಕ್ಕೆ ಸಂಬಂಧಿಸಿದವೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಕೈಬಿಟ್ಟು ಊರುಗಳನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಪದವಿ ಓದುತ್ತಿರುವ ವಿದ್ಯಾರ್ಥಿ. ವಯಸ್ಸು 20, ತೂಕ 52 ಕಿಲೋ. ಕಳೆದ ಮೇ ತಿಂಗಳಲ್ಲಿ ಶಾಮಿಯಾನ ಹಾಕಿ ನಡೆಸಿದ ಶಿಬಿರದಲ್ಲಿ ಮೊದಲ ಸಲ ರಕ್ತ ಕೊಟ್ಟೆ. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಬೆಳಿಗ್ಗೆ ಚಹಾ ಮಾತ್ರ ಕುಡಿದಿದ್ದೆ, ನನ್ನ ಸರದಿ ಬರುವಾಗ ಮಧ್ಯಾಹ್ನ ಹನ್ನೆರಡೂವರೆ ದಾಟಿತ್ತು. ಮಂಚದಿಂದ ಇಳಿದು ಪ್ರಮಾಣಪತ್ರಕ್ಕಾಗಿ ಸಾಲಿನಲ್ಲಿ ನಿಂತಾಗ ಕಣ್ಣಿಗೆ ಕತ್ತಲೆ ಕವಿದು ಬಿದ್ದುಬಿಟ್ಟೆ. ನನ್ನ ಮೈಯಲ್ಲಿ ಕಸುವಿಲ್ಲ, ಇನ್ನು ರಕ್ತ ಕೊಡಲೇಬಾರದು ಎಂದು ಅವ್ವ ಹೇಳುತ್ತಾರೆ. ಮತ್ತೆ ಕೊಡಬಹುದೇ?

ಉತ್ತರ: ನಿಮ್ಮ ಮೈಯ ಕಸುವಿಗೂ ಅಂದು ನೀವು ಬಿದ್ದದ್ದಕ್ಕೂ ಸಂಬಂಧವಿಲ್ಲ. ಮೊದಲ ಸಲದ ದಾನಿ, ಎಳೆಯ ವಯಸ್ಸು, ಕಡಿಮೆ ತೂಕ, ನಿದ್ದೆಗೇಡು, ಬರಿ ಹೊಟ್ಟೆ, ಬಿಸಿಲು, ಕೊನೆಗೆ ನಿಂತೇ ಇದ್ದದ್ದು, ಇವುಗಳಲ್ಲಿ ಎರಡು ಮೂರು ಕೂಡಿದರೂ ತಲೆ ತಿರುಗುವ ಸಾಧ್ಯತೆ ಇರುತ್ತದೆ. ನಿಮ್ಮ ವಿಷಯದಲ್ಲಿ ಏಳೂ ಕೂಡಿದ್ದವು. 52 ಕಿಲೋ ತೂಕದವರ ಮೈಯಲ್ಲಿ ಸುಮಾರು ಮೂರೂವರೆ ಲೀಟರ್ ರಕ್ತವಿರುತ್ತದೆ. ಅದರಲ್ಲಿ ನಿಮ್ಮಿಂದ ತೆಗೆಯುವ 350 ಮಿಲಿಲೀಟರ್ ಎಂದರೆ ಹತ್ತನೆಯ ಒಂದು ಪಾಲು. ಆರೋಗ್ಯವಂತರ ದೇಹ ಇಷ್ಟನ್ನು ಸುಲಭವಾಗಿ ಸರಿದೂಗಿಸಿಕೊಳ್ಳುತ್ತದೆಯಾದರೂ, ಬೆವರಿನಲ್ಲಿ ಮೊದಲೇ ನೀರು ಕಳೆದುಕೊಂಡಿದ್ದಾಗ, ಜೊತೆಗೆ ಸೂಜಿಯ ಅಳುಕೂ ಸೇರಿದಾಗ, ನರಗಳ ಒಂದು ತಪ್ಪು ಸಂಕೇತದಿಂದ ರಕ್ತನಾಳಗಳು ಸಡಿಲಗೊಂಡು ಹೃದಯದ ಬಡಿತ ನಿಧಾನವಾಗುತ್ತದೆ, ನಿಂತವರ ರಕ್ತ ಕಾಲುಗಳತ್ತ ಇಳಿಯುತ್ತದೆ, ಮೆದುಳಿಗೆ ಹೋಗುವ ರಕ್ತ ಕೆಲವು ಕ್ಷಣ ಕಡಿಮೆಯಾಗುತ್ತದೆ. ಮಲಗಿದೊಡನೆ ಎಚ್ಚರವಾಗುವುದು ಇದೇ ಕಾರಣಕ್ಕೆ.

ಆದ್ದರಿಂದ ಮತ್ತೆ ಕೊಡಬಹುದು. ಆದರೆ ಹಿಂದೊಮ್ಮೆ ಬಿದ್ದದ್ದನ್ನು ಅಲ್ಲಿನ ವೈದ್ಯರಿಗೆ ಮೊದಲೇ ಹೇಳಬೇಕು, ಮರೆಮಾಚಬಾರದು. ಬೀಳುವಾಗ ಕೈಕಾಲು ಸೆಟೆದುಕೊಂಡಿದ್ದರೆ ಅಥವಾ ರಕ್ತ ಕೊಡದ ದಿನಗಳಲ್ಲಿಯೂ ಹೀಗೆ ಬಿದ್ದದ್ದಿದ್ದರೆ, ತಪಾಸಣೆ ಮಾಡಿಸಿಕೊಂಡು ಆಮೇಲೆ ತೀರ್ಮಾನಿಸಿ.

ಸಿದ್ಧತೆ ಹಿಂದಿನ ದಿನವೇ ಆರಂಭವಾಗಬೇಕು. ಆ ದಿನವಿಡೀ ಎಂದಿಗಿಂತ ಹೆಚ್ಚು ನೀರು ಕುಡಿಯಿರಿ, ರಾತ್ರಿ ಏಳು ಗಂಟೆಯಾದರೂ ನಿದ್ದೆ ಮಾಡಿ, ಮದ್ಯದ ಗೊಡವೆ ಬೇಡ. ಬೆಳಿಗ್ಗೆ, ರಕ್ತ ಕೊಡುವುದಕ್ಕೆ ಎರಡು ಮೂರು ಗಂಟೆ ಮೊದಲು, ಹೊಟ್ಟೆ ತುಂಬ ತಿಂಡಿ ತಿನ್ನಿ. ನಮ್ಮ ಕಡೆಯ ವಗ್ಗಾಣಿ ಒಳ್ಳೆಯದೇ. ಅದರ ಜೊತೆಗಾರ ಮಿರ್ಚಿಯನ್ನು ಮಾತ್ರ ಅಂದಿಗೆ ಬಿಟ್ಟುಬಿಡಿ. ಎಣ್ಣೆಯ ಪದಾರ್ಥ ತಿಂದು ಬಂದವರ ಪ್ಲಾಸ್ಮಾ, ಎಂದರೆ ರಕ್ತದ ನೀರಿನ ಭಾಗ, ಕೊಬ್ಬಿನಿಂದ ಹಾಲಿನಂತೆ ಬೆಳ್ಳಗಾಗಿ, ಪರೀಕ್ಷೆಗಳಿಗೆ ಅಡ್ಡಿಯಾಗುತ್ತದೆ, ಕೆಲವೊಮ್ಮೆ ಆ ಪ್ಲಾಸ್ಮಾವನ್ನು ಚೆಲ್ಲಬೇಕಾಗುತ್ತದೆ. ಇಡ್ಲಿ, ಉಪ್ಪಿಟ್ಟು, ಅಥವಾ ಜೋಳದ ರೊಟ್ಟಿಯೊಡನೆ ಬೇಳೆ, ಯಾವುದಾದರೂ ಸರಿ.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ, ಆದರೆ ಹೆಚ್ಚಿನ ಶಿಬಿರಗಳಲ್ಲಿ ಯಾರೂ ಹೇಳದ ಮಾತೊಂದಿದೆ. ಸೂಜಿ ಚುಚ್ಚುವುದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಮೊದಲು ಅರ್ಧ ಲೀಟರ್ ನೀರನ್ನು ಒಂದೇ ದಮ್ಮಿಗೆ ಅಲ್ಲದಿದ್ದರೂ ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು. ಅಷ್ಟು ನೀರು ಹೊಟ್ಟೆಗೆ ಇಳಿದಾಗ ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳು ಚುರುಕಾಗುತ್ತವೆ. ಆ ಪರಿಣಾಮ ಒಂದು ಗಂಟೆಯ ಆಸುಪಾಸು ಇರುತ್ತದೆ. ಬೆಳಿಗ್ಗೆ ಮನೆಯಲ್ಲಿ ಕುಡಿದ ನೀರು ಈ ಕೆಲಸಕ್ಕೆ ಬರುವುದಿಲ್ಲ. ರಕ್ತದೊತ್ತಡದ ತೊಂದರೆ ಇಲ್ಲದವರು ಉಪ್ಪು ಹಾಕಿದ ಮಜ್ಜಿಗೆಯನ್ನೂ ಕುಡಿಯಬಹುದು. ಮಂಚದ ಮೇಲೆ ಮಲಗಿದಾಗ ಕಾಲ ಮೇಲೆ ಕಾಲು ಹಾಕಿ ತೊಡೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಐದು ಸೆಕೆಂಡು ಬಿಗಿಹಿಡಿದು ಬಿಡುವುದನ್ನು ಆಗಾಗ ಮಾಡುತ್ತಿರಿ. ಮುಗಿದ ಮೇಲೆ ತಟ್ಟನೆ ಏಳದೆ, ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ಆಮೇಲೆ ಉಪಾಹಾರದ ಜಾಗದಲ್ಲಿ ಹದಿನೈದು ನಿಮಿಷವಾದರೂ ಕುಳಿತಿರಿ. ಕೆಲವರಿಗೆ ತಲೆ ತಿರುಗುವುದು ತಡವಾಗಿ, ಬಸ್ ನಿಲ್ದಾಣದಲ್ಲಿಯೋ ಬೈಕಿನ ಮೇಲೆಯೋ ಆಗುವುದುಂಟು. ಆದ್ದರಿಂದ ಮರಳುವಾಗ ಗಾಡಿಯನ್ನು ಗೆಳೆಯರು ಓಡಿಸಲಿ. ಕಣ್ಣು ಮಂಜಾಗಿ, ತಣ್ಣನೆಯ ಬೆವರು ಬಂದರೆ, ನಾಚಿಕೆಪಡದೆ ಇದ್ದಲ್ಲಿಯೇ ಮಲಗಿ ಕಾಲುಗಳನ್ನು ಎತ್ತರದಲ್ಲಿಡಿ. ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು ಎಂಬುದನ್ನು ನಿಮ್ಮ ಗೆಳೆಯರಿಗೂ ತಿಳಿಸಿ.

ಶಿಬಿರ ನಡೆಸುವವರಿಗೂ ಒಂದು ಮಾತು. ಆಗತಾನೇ ರಕ್ತ ಕೊಟ್ಟವರನ್ನು ಪ್ರಮಾಣಪತ್ರಕ್ಕೆಂದು, ಗಣ್ಯರೊಡನೆ ಫೋಟೊಕ್ಕೆಂದು ನಿಲ್ಲಿಸುವ ರೂಢಿ ನನಗೆ ಎಂದೂ ಹಿಡಿಸಿಲ್ಲ. ಪ್ರಮಾಣಪತ್ರವೇ ದಾನಿ ಕುಳಿತಿರುವ ಕುರ್ಚಿಯ ಬಳಿಗೆ ಹೋಗಲಿ. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಶಾಮಿಯಾನದ ಕೆಳಗಿನ ಶಿಬಿರವನ್ನು ಹತ್ತು ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ದಾನಿಗಳನ್ನೇ ಆಸ್ಪತ್ರೆಯ ರಕ್ತಕೇಂದ್ರಕ್ಕೆ ಕರೆದೊಯ್ಯಬೇಕು. ನೀವಂತೂ ಮುಂದಿನ ಸಲ ನೇರವಾಗಿ ರಕ್ತಕೇಂದ್ರಕ್ಕೆ ಬೆಳಿಗ್ಗೆಯೇ ಹೋಗಿ. ಅವ್ವನನ್ನೂ ಕರೆದುಕೊಂಡು ಹೋದರೆ ಅವರ ಆತಂಕವೂ ತಗ್ಗೀತು.

ಪ್ರಶ್ನೆ: ನಾನು ಕೊಪ್ಪಳ ತಾಲ್ಲೂಕಿನ ಹಳ್ಳಿಯೊಂದರ ಶಾಲಾ ಶಿಕ್ಷಕಿ, ವಯಸ್ಸು 34. ಎರಡು ಸಲ ರಕ್ತ ಕೊಡಲು ಹೋಗಿ, ಹಿಮೋಗ್ಲೋಬಿನ್ 11.6 ಇದೆ ಎಂದು ಹಿಂದಿರುಗಬೇಕಾಯಿತು. ಒಂದು ತಿಂಗಳು ದಿನವೂ ಬೀಟ್‌ರೂಟ್ ರಸ ಕುಡಿದೆ, ದಾಳಿಂಬೆ ತಿಂದೆ. ಮತ್ತೆ ನೋಡಿಸಿದರೆ 11.7. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸವಿದೆ. ಏನು ಮಾಡಿದರೆ ಬೇಗ ಏರುತ್ತದೆ?

ಉತ್ತರ: ಬೇಗ ಏರಿಸುವ ದಾರಿ ಹುಡುಕುವ ಮೊದಲು, ಏಕೆ ಇಳಿದಿದೆ ಎಂದು ಕೇಳಿಕೊಳ್ಳಬೇಕು. ನಮ್ಮ ದೇಶದ ನಿಯಮದಲ್ಲಿ ಗಂಡಸರಿಗಾಗಲಿ ಹೆಂಗಸರಿಗಾಗಲಿ ರಕ್ತ ಕೊಡಲು ಹಿಮೋಗ್ಲೋಬಿನ್, ಎಂದರೆ ಕೆಂಪುಕಣಗಳಲ್ಲಿರುವ ಕಬ್ಬಿಣ ಸೇರಿದ ವಸ್ತು, ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ ಕನಿಷ್ಠ 12.5 ಗ್ರಾಂ ಇರಬೇಕು. ಆದರೆ ಬಸುರಿಯಲ್ಲದ ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಅದು ರಕ್ತಹೀನತೆಯೇ. ಎಂದರೆ ನಿಮ್ಮನ್ನು ಹಿಂದಿರುಗಿಸಿದವರು ದಾನವನ್ನು ನಿರಾಕರಿಸಲಿಲ್ಲ, ನಿಮಗೇ ಗೊತ್ತಿರದ ಒಂದು ತೊಂದರೆಯನ್ನು ಪುಕ್ಕಟೆಯಾಗಿ ಕಂಡುಹಿಡಿದು ಹೇಳಿದರು. ಅಷ್ಟು ಹೇಳಿ ಚಿಕಿತ್ಸೆಗೆ ಕಳಿಸದೆ ಬಿಟ್ಟದ್ದು ಮಾತ್ರ ಅರೆಕೆಲಸ.

ಬೀಟ್‌ರೂಟಿನ ಕೆಂಪಿಗೂ ರಕ್ತದ ಕೆಂಪಿಗೂ ನಂಟಿಲ್ಲ. ಅದು ಆ ಗಡ್ಡೆಯ ಬಣ್ಣವಷ್ಟೇ. ಕಬ್ಬಿಣ ಅದರಲ್ಲಿಯೂ ದಾಳಿಂಬೆಯಲ್ಲಿಯೂ ತೀರ ಸ್ವಲ್ಪ. ಕೆಂಪಗಿದ್ದದ್ದೆಲ್ಲ ರಕ್ತ ಕೊಡುತ್ತದೆ ಎನ್ನುವುದಾದರೆ ಸಂಡೂರಿನ ಮಣ್ಣನ್ನೇ ಕಲಸಿ ಕುಡಿಯಬಹುದಿತ್ತು. ನಿಮ್ಮ ಅಡುಗೆಮನೆಯಲ್ಲಿಯೇ ಇದಕ್ಕಿಂತ ಒಳ್ಳೆಯ ಪದಾರ್ಥಗಳಿವೆ: ಸಜ್ಜೆ ರೊಟ್ಟಿ, ಮಡಿಕೆ ಕಾಳು, ಹೆಸರು, ಕಡಲೆ, ರಾಜಗಿರಿ ಪಲ್ಯ, ನುಗ್ಗೆ ಸೊಪ್ಪು, ಗುರೆಳ್ಳು ಚಟ್ನಿ. ಕಾಳುಗಳನ್ನು ಮೊಳಕೆ ಕಟ್ಟಿದರೆ ಕಬ್ಬಿಣವನ್ನು ಹಿಡಿದಿಡುವ ಅಂಶ ತಗ್ಗಿ ಅದು ಮೈಗೆ ಹತ್ತುವುದು ಹೆಚ್ಚುತ್ತದೆ. ಊಟದಲ್ಲಿ ನಿಂಬೆಹಣ್ಣು ಹಿಂಡಿಕೊಂಡರೆ, ಇಲ್ಲವೇ ಪೇರಲ ಹಣ್ಣು, ನೆಲ್ಲಿಕಾಯಿ ತಿಂದರೆ ಇನ್ನೂ ಒಳ್ಳೆಯದು. ಊಟದ ಬೆನ್ನಿಗೆ ಕುಡಿಯುವ ಚಹಾ ಇದಕ್ಕೆ ಸರಿ ವಿರುದ್ಧವಾದ ಕೆಲಸ ಮಾಡುತ್ತದೆ. ಬಿಡಬೇಕೆಂದಿಲ್ಲ, ಊಟಕ್ಕೂ ಚಹಾಕ್ಕೂ ಒಂದು ಒಂದೂವರೆ ಗಂಟೆಯ ಅಂತರ ಇರಲಿ. ಮಾಂಸ ತಿನ್ನುವವರಾದರೆ, ಅದರಲ್ಲಿನ ಕಬ್ಬಿಣ ಸೊಪ್ಪು ಕಾಳುಗಳದ್ದಕ್ಕಿಂತ ಹಲವು ಪಟ್ಟು ಸುಲಭವಾಗಿ ಮೈಗೂಡುತ್ತದೆ.

ಇಷ್ಟಾದರೂ ಆಹಾರವೊಂದರಿಂದಲೇ ನಿಮ್ಮ ಕೊರತೆ ತುಂಬೀತು ಎಂದು ನಾನು ಹೇಳಲಾರೆ. ತಿಂಗಳ ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದೆಯೇ, ಬರಿಗಾಲಿನಲ್ಲಿ ಹೊಲದಲ್ಲಿ ಓಡಾಡುವವರಿಗೆ ಅಂಟುವ ಕೊಕ್ಕೆಹುಳುವಿನ ಬಾಧೆ ಇದೆಯೇ, ಶುದ್ಧ ಸಸ್ಯಾಹಾರಿಗಳಲ್ಲಿ ಕಾಣುವ ಬಿ12 ಕೊರತೆ ಇದೆಯೇ ಎಂಬುದನ್ನು ವೈದ್ಯರು ನೋಡಬೇಕು. ಪೂರ್ಣ ರಕ್ತಕಣ ಎಣಿಕೆ ಮತ್ತು ಫೆರಿಟಿನ್ ಎಂಬ ಎರಡು ಪರೀಕ್ಷೆಗಳಿಂದ ಬಹುಪಾಲು ತಿಳಿಯುತ್ತದೆ. ಫೆರಿಟಿನ್ ಎಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಕೆಲವರ ಹಿಮೋಗ್ಲೋಬಿನ್ ಹುಟ್ಟಿನಿಂದ ಬಂದ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಸ್ಥಿತಿ) ಗುಣದಿಂದಾಗಿ ಕಡಿಮೆ ಇರುತ್ತದೆ. ಅಂಥವರು ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಅದು ಏರದು. ಕಬ್ಬಿಣದ ಕೊರತೆಯೇ ಎಂದು ಖಚಿತವಾದರೆ ವೈದ್ಯರು ಮಾತ್ರೆ ಬರೆದುಕೊಡುತ್ತಾರೆ. ಅದನ್ನು ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆಗಳ ಜೊತೆ ಸೇವಿಸಬಾರದು. ಮಲ ಕಪ್ಪಾದರೆ ಹೆದರಬೇಕಿಲ್ಲ. ಹೊಟ್ಟೆ ಹಿಡಿದುಕೊಂಡು ತೊಂದರೆಯಾದರೆ ಮಾತ್ರೆಯನ್ನೇ ನಿಲ್ಲಿಸುವ ಬದಲು, ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಹಾಗೆ ತೆಗೆದುಕೊಂಡಾಗ ಪ್ರತಿ ಮಾತ್ರೆಯಿಂದ ಮೈಗೆ ಸೇರುವ ಪಾಲು ಹೆಚ್ಚುತ್ತದೆ ಎಂಬುದು ಈಗ ತಿಳಿದಿದೆ.

ಹಿಮೋಗ್ಲೋಬಿನ್ 12.5 ಮುಟ್ಟಿದ ಮರುದಿನವೇ ರಕ್ತಕೇಂದ್ರಕ್ಕೆ ಓಡಬೇಡಿ. ಅಂಕಿ ಸರಿಹೋದ ಮೇಲೂ ಮೂರು ತಿಂಗಳ ಮಟ್ಟಿಗೆ ಮಾತ್ರೆ ಮುಂದುವರಿಸಿದರೆ ಮಾತ್ರ ಒಳಗಿನ ಕಣಜ ತುಂಬುತ್ತದೆ. ಖಾಲಿ ಕಣಜದಿಂದ ಕೊಟ್ಟರೆ ಮತ್ತೆ 11ಕ್ಕೆ ಇಳಿಯುತ್ತೀರಿ. ಮುಟ್ಟಿನ ದಿನಗಳಲ್ಲಿ, ಬಸುರಿನಲ್ಲಿ, ಹೆರಿಗೆಯ ನಂತರ ಒಂದು ವರ್ಷ ಮತ್ತು ಮಗುವಿಗೆ ಹಾಲೂಡಿಸುವಷ್ಟು ಕಾಲ ರಕ್ತ ಕೊಡುವಂತಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತೇನೆ. ಮಾವನವರ ಆಪರೇಷನ್‌ಗೆಂದು ಬೆಳಿಗ್ಗೆ ರಕ್ತ ಕೊಟ್ಟು, ಅದೇ ಸಂಜೆ ಲಾರಿಗೆ ಚೀಲ ಹೇರಿದೆ. ರಾತ್ರಿ ಮೊಣಕೈಯ ಒಳಭಾಗ ಬಾತುಕೊಂಡು ಮರುದಿನ ಕಪ್ಪುನೀಲಿಯಾಯಿತು. ಆರು ದಿನಗಳಾದವು, ಈಗ ಹಸಿರು ಹಳದಿಯಾಗಿದೆ. ರಕ್ತ ಕೆಟ್ಟಿತೇ?

ಉತ್ತರ: ಕೆಟ್ಟಿಲ್ಲ, ಮಾಯುತ್ತಿದೆ. ಸೂಜಿ ಚುಚ್ಚಿದ ರಕ್ತನಾಳದ ಬಾಯಿ ಇನ್ನೂ ಗಟ್ಟಿಯಾಗಿ ಮುಚ್ಚಿಕೊಳ್ಳುವ ಮೊದಲೇ ನೀವು ಭಾರ ಎತ್ತಿದ್ದರಿಂದ, ರಕ್ತ ಹೊರಸೂಸಿ ಚರ್ಮದ ಕೆಳಗೆ ನಿಂತಿತು. ಹಾಗೆ ನಿಂತ ಹಿಮೋಗ್ಲೋಬಿನ್ ಒಡೆಯುತ್ತಾ ಹೋದಂತೆ ಬಣ್ಣ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿ, ಎರಡು ವಾರದೊಳಗೆ ಮಾಸಿಹೋಗುತ್ತದೆ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡಬೇಕಿತ್ತು. ಈಗ ಬೆಚ್ಚನೆಯ ಬಟ್ಟೆಯ ಶಾಖ ಸಾಕು, ತಿಕ್ಕಬಾರದು. ನೋವಿಗೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ; ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಬೇಡ. ಬೆರಳುಗಳಲ್ಲಿ ಜೋಮು, ಕರೆಂಟ್ ಹೊಡೆದಂಥ ನೋವು, ಏರುತ್ತಲೇ ಹೋಗುವ ಬಾವು, ಅಥವಾ ಜ್ವರದೊಡನೆ ಕೆಂಪೇರುವಿಕೆ ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮುಂದಿನ ಸಲ ಸೂಜಿ ತೆಗೆದೊಡನೆ ಹತ್ತಿಯನ್ನು ಗಟ್ಟಿಯಾಗಿ ಒತ್ತಿ, ಕೈಯನ್ನು ನೇರವಾಗಿ ಮೇಲಕ್ಕೆತ್ತಿ ಐದು ನಿಮಿಷ ಹಿಡಿಯಿರಿ. ಮೊಣಕೈಯನ್ನು ಮಡಚಿ ಹಿಡಿದುಕೊಳ್ಳುವುದು ಎಲ್ಲರ ರೂಢಿ, ಆದರೆ ಮಡಚಿದ ಕೈ ಬಿಡಿಸುವಾಗ ಗಾಯದ ಬಾಯಿ ಮತ್ತೆ ತೆರೆಯುತ್ತದೆ. ಪಟ್ಟಿಯನ್ನು ನಾಲ್ಕೈದು ಗಂಟೆ ತೆಗೆಯಬಾರದು. ರಕ್ತದ ನೀರಿನ ಭಾಗ ಮರಳಿ ತುಂಬಲು ಒಂದೆರಡು ದಿನ ಬೇಕು, ಆದ್ದರಿಂದ ಇಪ್ಪತ್ತನಾಲ್ಕು ಗಂಟೆ ಭಾರ ಎತ್ತುವುದು, ಎತ್ತರಕ್ಕೆ ಹತ್ತುವುದು, ಲಾರಿ ಓಡಿಸುವುದು ಬೇಡ. ನೀರು, ಮಜ್ಜಿಗೆ, ಅಂಬಲಿ ಧಾರಾಳವಾಗಿರಲಿ. ಒಂದು ದಿನದ ಕೂಲಿ ಬಿಡುವುದು ನಿಮಗೆ ಎಷ್ಟು ಕಷ್ಟವೆಂದು ಬಲ್ಲೆ. ತುರ್ತಿಲ್ಲದಿದ್ದರೆ ವಾರದ ರಜೆಯ ಹಿಂದಿನ ಸಂಜೆ ಕೊಡುವಂತೆ ಹೊಂದಿಸಿಕೊಳ್ಳಿ, ಅಥವಾ ಬೀಗರಲ್ಲಿ ಕುಳಿತು ಕೆಲಸ ಮಾಡುವವರು ಯಾರಾದರೂ ಇದ್ದರೆ ಅವರು ಮೊದಲು ಮುಂದೆ ಬರಲಿ.

ಪ್ರಶ್ನೆ: ಸಿಂಧನೂರಿನವನು, ವಯಸ್ಸು 54. ಬಿಪಿ ಮತ್ತು ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತೇನೆ. ರಕ್ತ ಕೊಡಬಹುದೇ? ಶ್ರಾವಣ ಸೋಮವಾರದ ಉಪವಾಸದ ದಿನ ಕೊಟ್ಟರೆ ಪುಣ್ಯವೆಂದು ಗೆಳೆಯರು ಹೇಳುತ್ತಾರೆ.

ಉತ್ತರ: ಎರಡೂ ಹತೋಟಿಯಲ್ಲಿದ್ದು, ಕಳೆದ ನಾಲ್ಕು ವಾರಗಳಲ್ಲಿ ಮಾತ್ರೆಯಾಗಲಿ ಪ್ರಮಾಣವಾಗಲಿ ಬದಲಾಗದಿದ್ದರೆ, ಅಂದಿನ ರಕ್ತದೊತ್ತಡ ನೋಡಿ ಒಪ್ಪಿಕೊಳ್ಳುತ್ತಾರೆ. ಮೇಲಿನ ಅಂಕಿ 100ರಿಂದ 140ರ ನಡುವೆ, ಕೆಳಗಿನದು 60ರಿಂದ 90ರ ನಡುವೆ ಇರಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರಿಂದ ತೆಗೆದುಕೊಳ್ಳುವುದಿಲ್ಲ. ರಕ್ತ ಕೊಡಬೇಕೆಂದು ಅಂದಿನ ಮಾತ್ರೆ ತಪ್ಪಿಸುವುದು ದೊಡ್ಡ ತಪ್ಪು. ಇನ್ನು ಉಪವಾಸದಲ್ಲಿದ್ದವರು ರಕ್ತ ಕೊಡಬಾರದೆಂದು ನಿಯಮವೇ ಹೇಳುತ್ತದೆ, ಅದು ಸೋಮವಾರಕ್ಕೂ ಏಕಾದಶಿಗೂ ರೋಜಾಕ್ಕೂ ಒಂದೇ. ಮಂಗಳವಾರ ಉಂಡು ಹೋಗಿ.

ಪ್ರಶ್ನೆ: ಸಂಡೂರಿನವನು, ವಯಸ್ಸು 41, ತೂಕ 70 ಕಿಲೋ. ಎಂಟು ವರ್ಷಗಳಿಂದ ಮೂರು ತಿಂಗಳಿಗೊಮ್ಮೆ ತಪ್ಪದೆ ರಕ್ತ ಕೊಡುತ್ತಿದ್ದೇನೆ. ಇತ್ತೀಚೆಗೆ ಮೆಟ್ಟಿಲು ಹತ್ತಿದರೆ ದಣಿವು, ಕೂದಲು ಉದುರುವಿಕೆ. ಹೇಳಲು ನಾಚಿಕೆ, ಹಸಿ ಅಕ್ಕಿ ತಿನ್ನಬೇಕೆನಿಸುತ್ತದೆ. ಹಿಮೋಗ್ಲೋಬಿನ್ 12.8 ಇದೆ, ತೊಂದರೆಯಿಲ್ಲ ಎಂದರು. ಹಾಗಾದರೆ ದಣಿವು ಏಕೆ?

ಉತ್ತರ: ನಾಚಿಕೆ ಪಡುವಂಥದ್ದೇನಿಲ್ಲ. ಹಸಿ ಅಕ್ಕಿ, ಮಣ್ಣು, ಮಂಜುಗಡ್ಡೆ ತಿನ್ನುವ ಬಯಕೆ ಕಬ್ಬಿಣದ ಕೊರತೆಯ ಹಳೆಯ ಗುರುತು. 12.8 ಎಂಬ ಅಂಕಿ ರಕ್ತ ಕೊಡಲು ಸಾಕಾಗಬಹುದು, ಆದರೆ ಗಂಡಸರಲ್ಲಿ 13ಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆ ಎಂಬುದನ್ನು ನಮ್ಮ ಶಿಬಿರಗಳಲ್ಲಿ ಯಾರೂ ಗಮನಿಸುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಸುಮಾರು 3.4 ಮಿಲಿಗ್ರಾಂ ಕಬ್ಬಿಣವಿರುತ್ತದೆ. ನಿಮ್ಮ ತೂಕದವರಿಂದ ತೆಗೆಯುವ 450 ಮಿಲಿಲೀಟರ್‌ನಲ್ಲಿ 200 ಮಿಲಿಗ್ರಾಂ ಆಸುಪಾಸು ಹೋಗುತ್ತದೆ. ನಾವು ಉಣ್ಣುವ ಅನ್ನದಿಂದ ಮೈಗೆ ದಿನಕ್ಕೆ ಸೇರುವುದು ಒಂದೆರಡು ಮಿಲಿಗ್ರಾಂ. ಅದರಲ್ಲಿ ಒಂದು ಮಿಲಿಗ್ರಾಂ ದಿನನಿತ್ಯದ ಸವಕಳಿಗೇ ಸಲ್ಲುತ್ತದೆ. ಕೊರತೆ ಬಿದ್ದಾಗ ಕರುಳು ಸ್ವಲ್ಪ ಹೆಚ್ಚು ಹೀರಿಕೊಳ್ಳುತ್ತದೆಯಾದರೂ ತೊಂಬತ್ತು ದಿನಗಳಲ್ಲಿ 200 ಮಿಲಿಗ್ರಾಂ ಮರಳುವುದು ಕಷ್ಟ. ನೀರಿನ ಭಾಗಕ್ಕೆ ಎರಡು ದಿನ, ಕೆಂಪುಕಣಗಳಿಗೆ ಹಲವು ವಾರ, ಕಬ್ಬಿಣಕ್ಕೆ ಹಲವು ತಿಂಗಳು, ಇದು ಚೇತರಿಕೆಯ ನಿಜವಾದ ಗತಿ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಎಂಬ ನಿಯಮ ಕನಿಷ್ಠ ಅಂತರವೇ ಹೊರತು ಪಾಲಿಸಲೇಬೇಕಾದ ವಾಯಿದೆಯಲ್ಲ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ರಕ್ತ ಕೊಟ್ಟ ಮೇಲೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳದವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿಯ ಕಬ್ಬಿಣದ ಸಂಗ್ರಹ 168 ದಿನಗಳಾದರೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ.

ಆದರೂ ಎಲ್ಲವನ್ನೂ ರಕ್ತದಾನದ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ನಿಮ್ಮ ವಯಸ್ಸಿನ ಗಂಡಸರಲ್ಲಿ ಮೂಲವ್ಯಾಧಿ, ಜಠರದ ಹುಣ್ಣು, ನೋವಿನ ಮಾತ್ರೆಗಳ ಅತಿಬಳಕೆ, ಅಪರೂಪಕ್ಕೆ ಕರುಳಿನ ಗಂಭೀರ ಕಾಯಿಲೆಗಳಿಂದಲೂ ಕಣ್ಣಿಗೆ ಕಾಣದಂತೆ ರಕ್ತ ಹೋಗುತ್ತಿರಬಹುದು. ವೈದ್ಯರಿಗೆ ನಿಮ್ಮ ದಾನದ ಲೆಕ್ಕವನ್ನೂ ಮಲದ ಬಣ್ಣವನ್ನೂ ಮುಚ್ಚಿಡದೆ ಹೇಳಿ, ಫೆರಿಟಿನ್ ಪರೀಕ್ಷೆ ಮಾಡಿಸಿ. ಅದು 30ಕ್ಕಿಂತ ಕೆಳಗಿದ್ದರೆ ಕಣಜ ಬರಿದಾಗಿದೆ ಎಂದೇ ತಿಳಿದು ಚಿಕಿತ್ಸೆ ಆರಂಭಿಸುತ್ತಾರೆ. ದಣಿವು ಮತ್ತು ಅಕ್ಕಿಯ ಬಯಕೆ ಕೆಲವು ವಾರಗಳಲ್ಲಿಯೇ ತಗ್ಗಬಹುದು, ಆದರೆ ಆರು ತಿಂಗಳಾದರೂ ರಕ್ತ ಕೊಡಬೇಡಿ; ಫೆರಿಟಿನ್ ಸರಿಯಾದ ಮೇಲೂ ವರ್ಷಕ್ಕೆ ಎರಡು ಸಲ ಸಾಕು. ಎಂಟು ವರ್ಷ ಕೊಟ್ಟವರ ನಂಬರು ಊರಿನ ಎಲ್ಲರ ಮೊಬೈಲಿನಲ್ಲಿ ಇರುತ್ತದೆ, ಕರೆಗಳು ಬರುತ್ತಲೇ ಇರುತ್ತವೆ. ನಿಮ್ಮದೇ ರಕ್ತದ ಗುಂಪಿನ, ನಿಮಗಿಂತ ಕಿರಿಯ ನಾಲ್ವರ ನಂಬರುಗಳನ್ನು ಬರೆದಿಟ್ಟುಕೊಂಡು, ಕರೆ ಬಂದಾಗ ಅವರಿಗೆ ದಾಟಿಸಿ.